ಇಟಾಸ್ಕಾ: ಮಿಸಿಸಿಪ್ಪಿಯ ಮೂಲವನ್ನು ಕಾದುಕೊಂಡ ಕಾಡು

ಅಮೆರಿಕದ ಮಿನೆಸೋಟಾ ರಾಜ್ಯದ ಉತ್ತರ ಭಾಗದಲ್ಲಿ, ಇಟಾಸ್ಕಾ ಸರೋವರದ ಉತ್ತರ ತುದಿಯಲ್ಲಿ, ಸಾಲಾಗಿ ಇಟ್ಟ ಬಂಡೆಗಳ ಮೇಲೆ ಹೆಜ್ಜೆಯಿಡುತ್ತಾ ಯಾರು ಬೇಕಾದರೂ ಮಿಸಿಸಿಪ್ಪಿ ನದಿಯನ್ನು ದಾಟಬಹುದು. ಅಲ್ಲಿ ಅದರ ಅಗಲ ಸುಮಾರು ಇಪ್ಪತ್ತು ಅಡಿ, ಆಳ ಮೊಣಕಾಲಿನವರೆಗೆ. ಕಾವೇರಿ ನೀರಿನ ಸುದ್ದಿ ಓದುತ್ತಲೇ ಬೆಳೆದ ನಮಗೆ ನೀರಿನ ಪ್ರಮಾಣವನ್ನು ಕ್ಯೂಸೆಕ್‌ನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ: ಸರೋವರದಿಂದ ಹೊರಬೀಳುವಾಗ ಈ ನದಿಯ ಸರಾಸರಿ ಹರಿವು ಕೇವಲ 6 ಕ್ಯೂಸೆಕ್, ದಕ್ಷಿಣದಲ್ಲಿ ನ್ಯೂ ಆರ್ಲಿಯನ್ಸ್ ತಲುಪುವ ಹೊತ್ತಿಗೆ ಅದು ಸುಮಾರು 6 ಲಕ್ಷ ಕ್ಯೂಸೆಕ್. ಇಲ್ಲಿಂದ ಹೊರಟ ಒಂದು ಹನಿ ನೀರು ಮೆಕ್ಸಿಕೋ ಕೊಲ್ಲಿಯನ್ನು ಸೇರಲು ಸುಮಾರು 90 ದಿನ ಬೇಕಂತೆ. ಪಕ್ಕದಲ್ಲಿ ನೆಟ್ಟಿರುವ ಮರದ ದಿಮ್ಮಿಯ ಮೇಲೆ, ಸಮುದ್ರಮಟ್ಟದಿಂದ 1,475 ಅಡಿ ಎತ್ತರದ ಈ ಜಾಗದಿಂದ ನದಿಯು 2,552 ಮೈಲಿ ಹರಿಯುತ್ತದೆ ಎಂದು ಕೆತ್ತಿದ್ದಾರೆ. ನದಿ ತನ್ನ ಪಾತ್ರವನ್ನು ಬದಲಿಸುತ್ತಲೇ ಇರುವುದರಿಂದ ಈಗಿನ ಅಳತೆಗಳು ಇನ್ನೂರು ಮೈಲಿಯಷ್ಟು ಕಡಿಮೆ ಹೇಳುತ್ತವೆ. ಆದರೂ ಹಳೆಯ ಅಂಕಿಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವುದು ಆ ದಿಮ್ಮಿಯ ಪಕ್ಕದಲ್ಲಿಯೇ.

ಊರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಮಿನಿಯಾಪೊಲಿಸ್‌ನಿಂದ ನಾಲ್ಕು ಗಂಟೆಯ ದಾರಿ ಸವೆಸಿ ನಾವು ಅಲ್ಲಿಗೆ ಹೋಗಿದ್ದೆವು. ಅಮ್ಮ ಚಪ್ಪಲಿ ಬಿಟ್ಟು ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ತಲೆಗೆ ಪ್ರೋಕ್ಷಿಸಿಕೊಂಡರು. ಆಮೇಲೆ ಬಂಡೆಗಳ ಸಾಲನ್ನು ಸ್ವಲ್ಪ ಹೊತ್ತು ನೋಡಿ, "ಈ ಕಲ್ಲುಗಳು ಮೊದಲಿಂದ ಹೀಗೇ ಇದ್ವೇನಪ್ಪಾ, ಯಾರಾದ್ರೂ ಜೋಡಿಸಿಟ್ಟಿದ್ದಾ?" ಎಂದು ಕೇಳಿದರು. ಇಟಾಸ್ಕಾ ಉದ್ಯಾನದ ಇತಿಹಾಸವನ್ನೆಲ್ಲ ಆ ಒಂದು ಪ್ರಶ್ನೆಯಿಂದಲೇ ಬಿಡಿಸುತ್ತಾ ಹೋಗಬಹುದು ಎಂದು ನನಗೆ ಅನ್ನಿಸಿದೆ. ಆ ಬಂಡೆಗಳನ್ನು ಮನುಷ್ಯರೇ ಜೋಡಿಸಿದ್ದು.

1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಕೆಲಸವಿಲ್ಲದ ಯುವಕರಿಗೆ ದುಡಿಮೆ ಕೊಡುವುದಕ್ಕಾಗಿ ಅಧ್ಯಕ್ಷ ರೂಸ್‌ವೆಲ್ಟ್ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆಯು ದೇಶದ ನೂರಾರು ಉದ್ಯಾನಗಳಲ್ಲಿ ರಸ್ತೆ, ಕಾಲುದಾರಿ, ಕಟ್ಟಡಗಳನ್ನು ನಿರ್ಮಿಸಿತು. ಇಟಾಸ್ಕಾಕ್ಕೆ ಬಂದ ಆ ಹುಡುಗರ ಮುಂದಿದ್ದದ್ದು ಕೆಸರು, ಜೊಂಡು ಮತ್ತು ನಿಂತ ನೀರು. ಸರೋವರ ಎಲ್ಲಿ ಮುಗಿದು ನದಿ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸುವುದೇ ಅಲ್ಲಿ ಕಷ್ಟವಾಗಿತ್ತು. ಅವರು ಆ ಜೌಗು ನೆಲವನ್ನು ಬಸಿದು, ಮಣ್ಣು ತುಂಬಿ, ಹೊಳೆಗೆ ಹೊಸ ಪಾತ್ರವನ್ನು ತೋಡಿ, ಸರೋವರದ ಬಾಯಿಗೆ ಕಾಂಕ್ರೀಟಿನ ತಳಪಾಯದ ಮೇಲೆ ಬಂಡೆಗಳ ಸಣ್ಣದೊಂದು ಒಡ್ಡು ಕಟ್ಟಿದರು. ಇಂದು ಮಕ್ಕಳು ಕುಣಿದಾಡುತ್ತಾ ದಾಟುವುದು ಆ ಒಡ್ಡಿನ ಮೇಲೆ. ಇದನ್ನು ತಿಳಿದ ಕೆಲವರಿಗೆ ನಿರಾಸೆಯಾಗುತ್ತದೆ; ನನಗೆ ಹಾಗಾಗಲಿಲ್ಲ. ತಲಕಾವೇರಿಯಲ್ಲಿಯೂ ನೆಲದಿಂದ ಒಸರುವ ನೀರಿಗೆ ಕಲ್ಲಿನ ಕುಂಡಿಕೆ ಕಟ್ಟಿ, ಮುಂದೆ ಕೊಳ ಮಾಡಿ, ನಾವು ನಿಲ್ಲುವುದಕ್ಕೊಂದು ಮೆಟ್ಟಿಲು ಇಟ್ಟಿದ್ದಾರೆ. ದೊಡ್ಡ ನದಿಯೊಂದರ ಹುಟ್ಟನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಮನುಷ್ಯರಿಗೆ ಎಲ್ಲೆಡೆ ಇದೆ, ಆ ಆಸೆಗೆ ಒಂದು ಗಟ್ಟಿ ನೆಲ ಬೇಕು.

ಒಡ್ಡು ಕಟ್ಟಿದ್ದಕ್ಕಿಂತ ನೂರು ವರ್ಷ ಹಿಂದೆಯೇ, ಮೂಲ ಯಾವುದೆಂಬುದರ ಬಗ್ಗೆ ದೊಡ್ಡ ಎಳೆದಾಟ ನಡೆದಿತ್ತು. 1805–06ರಲ್ಲಿ ಝೆಬುಲನ್ ಪೈಕ್ ಲೀಚ್ ಸರೋವರವೇ ಮೂಲವೆಂದರು. 1820ರಲ್ಲಿ ಲೂಯಿಸ್ ಕ್ಯಾಸ್ ಅವರ ತಂಡ ಇನ್ನೊಂದು ಸರೋವರವನ್ನು ತಲುಪಿ ಅಲ್ಲಿಗೇ ನಿಂತಿತು. ಅದಕ್ಕೆ ಈಗ ಅವರದೇ ಹೆಸರಿದೆ. 1823ರಲ್ಲಿ ಇಟಲಿಯ ಬೆಲ್ಟ್ರಾಮಿ ಮತ್ತೊಂದು ಸಣ್ಣ ಕೆರೆಯನ್ನು ಮೂಲವೆಂದು ಸಾರಿದರು. ಕೊನೆಗೆ 1832ರ ಜುಲೈ 13ರಂದು ಹೆನ್ರಿ ಸ್ಕೂಲ್‌ಕ್ರಾಫ್ಟ್ ಇಟಾಸ್ಕಾ ದಡಕ್ಕೆ ಬಂದರು. ಶಾಲೆಯ ಪುಸ್ತಕಗಳು ಬಹುಕಾಲ ಇದನ್ನು ಸ್ಕೂಲ್‌ಕ್ರಾಫ್ಟ್ ಅವರ ಶೋಧವೆಂದೇ ಬರೆದವು. ಆದರೆ ಅವರನ್ನು ಅಲ್ಲಿಗೆ ಕರೆತಂದವರು ಕ್ಯಾಸ್ ಸರೋವರದ ಓಜಿಬ್ವೆ ಎಂಬ ಮೂಲನಿವಾಸಿ ಜನರ ಮುಖಂಡರಾದ ಓಝಾವಿಂಡಿಬ್. ಯಾವ ಉಪನದಿಯಲ್ಲಿ ಮೇಲೇರಬೇಕು, ಎಲ್ಲಿ ದೋಣಿಯಿಂದ ಇಳಿಯಬೇಕು, ಕಾಡಿನೊಳಗೆ ದೋಣಿಗಳನ್ನು ಎಲ್ಲಿಯವರೆಗೆ ಹೊತ್ತು ನಡೆಯಬೇಕು ಎಂಬುದೆಲ್ಲ ಅವರಿಗೆ ಮೊದಲೇ ತಿಳಿದಿತ್ತು. ಅವರ ಜನರು ಆ ಸರೋವರಕ್ಕೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಹೆಸರನ್ನು ಇಟ್ಟಿದ್ದರು, ಫ್ರೆಂಚ್ ವ್ಯಾಪಾರಿಗಳು ಅದನ್ನೇ ತಮ್ಮ ಭಾಷೆಯಲ್ಲಿ ಕರೆಯುತ್ತಿದ್ದರು. ಸ್ಕೂಲ್‌ಕ್ರಾಫ್ಟ್ ಅವರು ಜೊತೆಗಿದ್ದ ಪಾದ್ರಿಯೊಬ್ಬರಿಂದ ಎರಡು ಲ್ಯಾಟಿನ್ ಪದಗಳನ್ನು ಕೇಳಿಕೊಂಡು, ಅವುಗಳ ನಡುವಿನ ಅಕ್ಷರಗಳನ್ನು ಜೋಡಿಸಿ ಇಟಾಸ್ಕಾ ಎಂಬ ಹೆಸರನ್ನು ಮಾಡಿದರು. ಸರೋವರದ ನಡುವಿನ ಪುಟ್ಟ ದ್ವೀಪದಲ್ಲಿ ಬಾವುಟ ನೆಟ್ಟು, ಕೆಲವೇ ಗಂಟೆ ಇದ್ದು, ಅದೇ ದಿನ ನದಿಯಲ್ಲಿ ಕೆಳಗೆ ಹೊರಟರು.

ಉದ್ಯಾನದ ಫಲಕಗಳು ಈ ಪ್ರಸಂಗದಲ್ಲಿ ಓಝಾವಿಂಡಿಬ್ ಅವರ ಹೆಸರನ್ನು ಮುಂದೆ ತಂದಿರುವುದು, ಕಾಲುದಾರಿಯೊಂದಕ್ಕೆ ಅವರ ಹೆಸರಿರುವುದು ನನಗೆ ಸಮಾಧಾನ ತಂದಿತು. ಆದರೂ ಇಷ್ಟೇ ಸಾಲದು ಎಂಬುದನ್ನೂ ಹೇಳಬೇಕು. 1855ರ ಒಪ್ಪಂದದಲ್ಲಿ ಓಜಿಬ್ವೆ ಜನರು ಈ ಭಾಗದ ವಿಶಾಲ ಭೂಮಿಯನ್ನು ಬಿಟ್ಟುಕೊಡಬೇಕಾಯಿತು. ಇಂದಿಗೂ ಅವರ ಮೀಸಲು ಪ್ರದೇಶಗಳಾದ ವೈಟ್ ಅರ್ಥ್ ಪಶ್ಚಿಮಕ್ಕೂ ಲೀಚ್ ಲೇಕ್ ಪೂರ್ವಕ್ಕೂ ಇವೆ. ಅವರಿಗಿಂತಲೂ ಹಿಂದಿನ ಜನರ ಸಮಾಧಿ ದಿಬ್ಬಗಳು ಸರೋವರದ ಉತ್ತರ ದಡದ ಹತ್ತಿರ ಮರಗಳ ನಡುವೆ ಇವೆ. ಅವು ನೋಡಲು ಹುಲ್ಲು ಬೆಳೆದ ಸಣ್ಣ ಉಬ್ಬುಗಳು. ಫಲಕವನ್ನು ಓದದೆ ಹೋದವರಿಗೆ ತಾವು ಯಾರ ಸ್ಮಶಾನದ ಪಕ್ಕದಲ್ಲಿ ನಡೆಯುತ್ತಿದ್ದೇವೆ ಎಂಬುದು ತಿಳಿಯುವುದೇ ಇಲ್ಲ. ಅಲ್ಲಿ ದಾರಿ ಬಿಟ್ಟು ಕಾಲಿಡಬಾರದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಹೇಳಿಕೊಟ್ಟರೆ ಒಳ್ಳೆಯದು.

ಮೂಲದ ತಕರಾರು ಸ್ಕೂಲ್‌ಕ್ರಾಫ್ಟ್ ಅವರೊಂದಿಗೆ ಮುಗಿಯಲಿಲ್ಲ. 1836ರಲ್ಲಿ ಫ್ರೆಂಚ್ ವಿಜ್ಞಾನಿ ಜೋಸೆಫ್ ನಿಕೊಲೆಟ್ ಇಟಾಸ್ಕಾಕ್ಕೆ ಬಂದು ಸೇರುವ ತೊರೆಗಳನ್ನೂ ನಕ್ಷೆಗೆ ಹಾಕಿದರು. ಸರೋವರಕ್ಕೇ ನೀರು ತರುವ ತೊರೆಯಿದ್ದರೆ ಮೂಲ ಆ ತೊರೆಯಲ್ಲವೇ ಎಂಬ ಪ್ರಶ್ನೆ ಅಲ್ಲಿಂದ ಸಹಜವಾಗಿ ಎದ್ದಿತು. 1881ರಲ್ಲಿ ವಿಲ್ಲರ್ಡ್ ಗ್ಲೇಜಿಯರ್ ಎಂಬುವರು ಇಟಾಸ್ಕಾದ ಮೇಲಿರುವ, ಈಗ ಎಲ್ಕ್ ಎಂದು ಕರೆಯುವ ಇನ್ನೊಂದು ಸರೋವರವೇ ನಿಜವಾದ ಮೂಲವೆಂದು ಘೋಷಿಸಿ ಅದಕ್ಕೆ ತಮ್ಮ ಹೆಸರನ್ನೇ ಇಟ್ಟರು. ಅವರ ಬರಹದಲ್ಲಿ ಸ್ಕೂಲ್‌ಕ್ರಾಫ್ಟ್ ಅವರಿಂದ ಎತ್ತಿಕೊಂಡ ಭಾಗಗಳಿದ್ದದ್ದು ಬಯಲಾದ ಮೇಲೆ ಅವರ ಮಾತಿಗೆ ಬೆಲೆ ಉಳಿಯಲಿಲ್ಲ. ಆದರೆ ಆ ಗದ್ದಲದಿಂದ ಒಂದು ಒಳ್ಳೆಯದಾಯಿತು. ವಿವಾದವನ್ನು ಬಗೆಹರಿಸಲು ಮಿನೆಸೋಟಾ ಐತಿಹಾಸಿಕ ಸಂಘವು 1888–89ರಲ್ಲಿ ಜೇಕಬ್ ಬ್ರೋವರ್ ಅವರನ್ನು ಸಮೀಕ್ಷೆಗೆ ಕಳಿಸಿತು. ಅವರು ಸುತ್ತಲಿನ ಕೆರೆ, ತೊರೆ, ಒರತೆಗಳನ್ನೆಲ್ಲ ಅಳೆದು, ಇಟಾಸ್ಕಾ ಎಂಬ ತಗ್ಗು ಪ್ರದೇಶ ಇಡಿಯಾಗಿ ಒಂದೇ ಜಲಾನಯನ, ಅದನ್ನೇ ನದಿಯ ಮೂಲವೆಂದು ಎಣಿಸಬೇಕು ಎಂದು ತೀರ್ಮಾನಿಸಿದರು.

ಈ ತೀರ್ಮಾನದಲ್ಲಿದ್ದ ತೂಕವನ್ನು ನಾವು ಗಮನಿಸಬೇಕು. ಮೂಲವೆಂದರೆ ಒಂದು ಬಿಂದು ಎಂದುಕೊಂಡರೆ ಆ ಬಿಂದುವಿಗೆ ಬೇಲಿ ಹಾಕಿದರೆ ಸಾಕಾಗುತ್ತದೆ. ಇಡೀ ಜಲಾನಯನವೇ ಮೂಲವೆಂದು ಒಪ್ಪಿದರೆ ಅದಕ್ಕೆ ನೀರುಣಿಸುವ ಕಾಡು, ಜೌಗು, ಗುಡ್ಡಗಳನ್ನೆಲ್ಲ ಉಳಿಸಬೇಕಾಗುತ್ತದೆ. ಮರ ಕಡಿಯುವ ಕಂಪನಿಗಳು ಆಗಲೇ ಕಾಡನ್ನು ಬೋಳು ಮಾಡುತ್ತಾ ಉತ್ತರಕ್ಕೆ ಸರಿಯುತ್ತಿದ್ದವು. ಬ್ರೋವರ್ ಅಳತೆಯ ಸರಪಳಿಯನ್ನು ಕೆಳಗಿಟ್ಟು ರಾಜಕಾರಣಿಗಳ ಬಾಗಿಲಿಗೆ ಅಲೆದರು. 1891ರ ಏಪ್ರಿಲ್ 20ರಂದು ಮಿನೆಸೋಟಾ ಶಾಸನಸಭೆಯು ಇಟಾಸ್ಕಾ ಉದ್ಯಾನದ ಮಸೂದೆಯನ್ನು ಒಂದೇ ಒಂದು ಮತದ ಅಂತರದಲ್ಲಿ ಅಂಗೀಕರಿಸಿತು. ಅದು ಆ ರಾಜ್ಯದ ಮೊಟ್ಟಮೊದಲ ಸ್ಟೇಟ್ ಪಾರ್ಕ್. ಇಂದು ಅದರ ವ್ಯಾಪ್ತಿ 32,000 ಎಕರೆಗೂ ಹೆಚ್ಚು, ಒಳಗೆ ನೂರಕ್ಕೂ ಹೆಚ್ಚು ಕೆರೆಗಳಿವೆ. ಹಿಮನದಿಗಳು ಹಿಂದೆ ಸರಿಯುವಾಗ ಮಣ್ಣಿನಡಿ ಹೂತುಹೋದ ಮಂಜುಗಡ್ಡೆಯ ಭಾರಿ ಹೋಳುಗಳು ನಿಧಾನವಾಗಿ ಕರಗಿ, ಅವುಗಳಿದ್ದ ಜಾಗ ಕುಸಿದು ನೀರು ತುಂಬಿಕೊಂಡದ್ದರಿಂದ ಆದ ಕೆರೆಗಳು ಅವು. ಅದಕ್ಕೇ ಅಲ್ಲಿ ದಾರಿ ಒಂದೇ ಸಮ ಏರಿಳಿಯುತ್ತದೆ, ಪ್ರತಿ ಇಳಿಜಾರಿನ ಕೊನೆಗೆ ಒಂದು ನೀರಿನ ಹಾಳೆ ಕಾಣುತ್ತದೆ.

ಕಾನೂನು ಬಂದ ಮಾತ್ರಕ್ಕೆ ಕಾಡು ಉಳಿಯಲಿಲ್ಲ. ನಕ್ಷೆಯ ಮೇಲೆ ಗಡಿ ಎಳೆದರೂ ಒಳಗಿನ ಜಮೀನು ಬಹುಪಾಲು ರೈಲು ಕಂಪನಿ ಮತ್ತು ನಾಟಾ ಕಂಪನಿಗಳ ಕೈಯಲ್ಲಿತ್ತು, ಅದನ್ನು ಕೊಳ್ಳುವುದಕ್ಕೆ ಸಾಕಷ್ಟು ಹಣವನ್ನು ಶಾಸನಸಭೆ ಕೊಡಲಿಲ್ಲ. ಫೆಡರಲ್ ಸರಕಾರ 1892ರಲ್ಲಿ ತನ್ನ ಪಾಲಿನ ಜಮೀನನ್ನು ಕೊಟ್ಟಿತು. ಉಳಿದದ್ದಕ್ಕೆ ಬ್ರೋವರ್ ಮೊದಲ ಆಯುಕ್ತರಾಗಿ ಬಹಳ ಕಷ್ಟಪಟ್ಟರು. ಉದ್ಯಾನದ ಒಳಗೇ ಮರ ಕಡಿಯುವುದು ನಡೆಯಿತು. ಕಡಿದ ದಿಮ್ಮಿಗಳನ್ನು ವಸಂತದಲ್ಲಿ ನೀರಿನ ರಭಸಕ್ಕೆ ಬಿಟ್ಟು ಕೆಳಗೆ ಸಾಗಿಸುವುದಕ್ಕಾಗಿ ಕಂಪನಿಗಳು ಹೊಳೆಗೆ ಕಟ್ಟೆ ಹಾಕಿ ನೀರು ನಿಲ್ಲಿಸುತ್ತಿದ್ದವು. ಹಾಗೆ ನಿಂತ ನೀರು ಸರೋವರದ ದಂಡೆಯ ಮರಗಳ ಬುಡಕ್ಕೇರಿ ಅವುಗಳನ್ನು ಕೊಲ್ಲುತ್ತಿತ್ತು.

ಈ ಸಂದರ್ಭದಲ್ಲಿ ಬರುವವರು ಮೇರಿ ಗಿಬ್ಸ್. ಅವರ ತಂದೆ ಉದ್ಯಾನದ ಆಯುಕ್ತರಾಗಿದ್ದರು. 1903ರ ಆರಂಭದಲ್ಲಿ ತಂದೆ ತೀರಿಕೊಂಡಾಗ 24 ವರ್ಷದ ಮೇರಿ ಆ ಹೊಣೆಯನ್ನು ವಹಿಸಿಕೊಂಡರು. ಹೆಂಗಸರಿಗೆ ಮತದಾನದ ಹಕ್ಕು ಇನ್ನೂ ಸಿಗದಿದ್ದ ಕಾಲವದು. ಆ ವಸಂತದಲ್ಲಿ ಕಟ್ಟೆಯ ನೀರು ದಂಡೆಯನ್ನು ಮುಳುಗಿಸುತ್ತಿರುವುದನ್ನು ನೋಡಿ ಅವರು ತೂಬಿನ ಬಾಗಿಲುಗಳನ್ನು ತೆರೆಯಬೇಕೆಂದು ಆದೇಶಿಸಿದರು. ಕಟ್ಟೆಯ ಮೇಲೆ ಬಂದೂಕು ಹಿಡಿದ ಕಾವಲಿನವರಿದ್ದರು, ಬಾಗಿಲು ಮುಟ್ಟಿದವರಿಗೆ ಗುಂಡು ಹೊಡೆಯುವುದಾಗಿ ಬೆದರಿಸಿದರು. ಮೇರಿ ಮುಂದೆ ಹೋಗಿ ತಮ್ಮ ಕೈಯನ್ನೇ ಅದರ ಮೇಲಿಟ್ಟರು. ಗುಂಡು ಹಾರಲಿಲ್ಲ, ಬಾಗಿಲುಗಳು ತೆರೆದವು. ಆದರೆ ಕೆಲವೇ ತಿಂಗಳಲ್ಲಿ ಅವರು ಆ ಹುದ್ದೆಯಲ್ಲಿ ಇರಲಿಲ್ಲ, ಅವರ ಜಾಗಕ್ಕೆ ಬೇರೊಬ್ಬರು ಬಂದರು, ಉದ್ಯಾನದಲ್ಲಿ ಮರ ಕಡಿತ 1919ರ ಸುಮಾರಿನವರೆಗೂ ಮುಂದುವರಿಯಿತು. ಈಗ ನದಿಯ ಮೂಲದ ಹತ್ತಿರವಿರುವ ಮಾಹಿತಿ ಕೇಂದ್ರಕ್ಕೆ ಅವರ ಹೆಸರನ್ನು ಇಟ್ಟಿದ್ದಾರೆ. ಆ ಕೇಂದ್ರದಲ್ಲಿ ಅವರ ಕುರಿತು ಓದುತ್ತಾ ಅಮ್ಮ ಬಹಳ ಹೊತ್ತು ನಿಂತರು. ಅವರಿಗೆ ಇಂಗ್ಲಿಷ್ ಓದುವುದು ಕಷ್ಟವಲ್ಲ, ನಿಧಾನ; ಪೂರ್ತಿ ಮುಗಿಸಿ, "ಕೆಲಸ ಕಳಕೊಂಡ್ರೂ ಸರಿಯಾದ್ದನ್ನೇ ಮಾಡಿದ್ಲಲ್ಲ ಹುಡುಗಿ" ಎಂದರು. ನನ್ನ ಅಭಿಪ್ರಾಯವೂ ಅದೇ. ಉದ್ಯಾನದ ಇತಿಹಾಸದಲ್ಲಿ ನಾನು ಬ್ರೋವರ್ ಅವರ ಪಕ್ಕಕ್ಕೆ, ಅವರಷ್ಟೇ ಎತ್ತರದಲ್ಲಿ, ಮೇರಿ ಗಿಬ್ಸ್ ಅವರನ್ನು ಇಡುತ್ತೇನೆ.

ಇಷ್ಟು ಹೋರಾಟದಿಂದ ಉಳಿದ ಮರಗಳನ್ನು ನೋಡಬೇಕಾದರೆ ಸರೋವರದ ಪೂರ್ವ ದಂಡೆಯಲ್ಲಿರುವ ಪ್ರೀಚರ್ಸ್ ಗ್ರೋವ್ ಎಂಬ ತೋಪಿಗೆ ಹೋಗಬೇಕು. ಅಲ್ಲಿರುವುದು ಕೆಂಪು ಪೈನ್ ಮರಗಳು. 1953ರಿಂದ ಅದು ಮಿನೆಸೋಟಾದ ರಾಜ್ಯವೃಕ್ಷ. ಮರಗಳಿಗೆ ಇನ್ನೂರೈವತ್ತು ವರ್ಷ ದಾಟಿದೆ. ಕಾಂಡ ನೆಟ್ಟಗೆ ಕೊಂಬೆಯೇ ಇಲ್ಲದೆ ಬಹಳ ಎತ್ತರದವರೆಗೆ ಹೋಗಿ, ಮೇಲೆ ಮಾತ್ರ ಹಸಿರಿನ ಗುಪ್ಪೆ. ಸಂಜೆಯ ಬಿಸಿಲು ಬಿದ್ದರೆ ತೊಗಟೆಯ ಹಲ್ಲೆಗಳು ಕಾವಿಯ ಬಣ್ಣಕ್ಕೆ ತಿರುಗುತ್ತವೆ. ನೆಲದ ತುಂಬ ಒಣಗಿದ ಸೂಜಿ ಎಲೆಗಳು. ಕೆಲವು ಮರಗಳ ಬುಡದಲ್ಲಿ, ಒಂದು ಮಗ್ಗುಲಲ್ಲಿ ಮಾತ್ರ, ತೊಗಟೆಯಿಲ್ಲದ ತ್ರಿಕೋನಾಕಾರದ ಕಪ್ಪು ಗಾಯಗಳಿವೆ. ಅವು ಹಳೆಯ ಕಾಡ್ಗಿಚ್ಚುಗಳು ಬಿಟ್ಟುಹೋದ ಗುರುತುಗಳು. ಪ್ರತಿ ಬೆಂಕಿಯ ನಂತರ ಮರವು ಗಾಯದ ಅಂಚಿನಿಂದ ಹೊಸ ತೊಗಟೆಯನ್ನು ಬೆಳೆಸಿ ಮುಚ್ಚಲು ನೋಡುತ್ತದೆ, ಮುಂದಿನ ಬೆಂಕಿ ಮತ್ತೆ ಅದನ್ನು ಸುಡುತ್ತದೆ. ಹಾಗಾಗಿ ಕಾಂಡದ ಉಂಗುರಗಳನ್ನು ಎಣಿಸಿದರೆ ಯಾವ ವರ್ಷ ಬೆಂಕಿ ಬಿದ್ದಿತ್ತೆಂದು ತಿಳಿಯಬಹುದು. 1970ರ ದಶಕದಲ್ಲಿ ಪ್ರಕಟವಾದ ಇಂಥ ಅಧ್ಯಯನವೊಂದು, ಹಿಂದಿನ ಶತಮಾನಗಳಲ್ಲಿ ಇಟಾಸ್ಕಾದ ಯಾವುದಾದರೊಂದು ಭಾಗದಲ್ಲಿ ಸರಾಸರಿ ಹತ್ತು ವರ್ಷಕ್ಕೊಮ್ಮೆ ಬೆಂಕಿ ಕಾಣಿಸಿಕೊಂಡಿತ್ತೆಂದು ತೋರಿಸಿತು.

ಕೆಂಪು ಪೈನ್ ಈ ಬೆಂಕಿಯೊಂದಿಗೇ ಬಾಳಲು ಕಲಿತ ಮರ. ಬಲಿತ ಮರದ ದಪ್ಪ ತೊಗಟೆಗೆ ನೆಲದ ಮೇಲೆ ಹರಿದಾಡುವ ಸಾಧಾರಣ ಬೆಂಕಿ ಏನೂ ಮಾಡುವುದಿಲ್ಲ. ಅದೇ ಬೆಂಕಿ ಕೆಳಗಿನ ಪೊದೆಗಳನ್ನು ಸುಟ್ಟು, ತರಗೆಲೆಯ ದಪ್ಪ ಹಾಸನ್ನು ತೆಗೆದು ಮಣ್ಣನ್ನು ತೆರೆದಿಡುತ್ತದೆ. ಪೈನ್ ಬೀಜ ಬೇರೂರುವುದಕ್ಕೆ ಬೇಕಾದದ್ದು ಆ ಬರಿಮಣ್ಣು ಮತ್ತು ಬಿಸಿಲು. ಉದ್ಯಾನವಾದ ಮೇಲೆ ಮರಗಳನ್ನು ಕಾಪಾಡುವ ಉದ್ದೇಶದಿಂದಲೇ ಎಲ್ಲ ಬೆಂಕಿಯನ್ನೂ ಆರಿಸತೊಡಗಿದರು. ಅದಕ್ಕಾಗಿ ಕಟ್ಟಿದ ನೂರು ಅಡಿ ಎತ್ತರದ ಬೆಂಕಿ ಕಾವಲು ಗೋಪುರ ಏಟನ್ ಹೈಟ್ಸ್ ಎಂಬಲ್ಲಿ ಇನ್ನೂ ನಿಂತಿದೆ, ಹತ್ತಿದವರಿಗೆ ದಿಗಂತದವರೆಗೆ ಕಾಡು ಮತ್ತು ಕೆರೆಗಳು ಕಾಣುತ್ತವೆ. ಬೆಂಕಿ ನಿಂತಿತು, ಹಳೆಯ ಮರಗಳು ಉಳಿದವು, ಆದರೆ ಅವುಗಳ ಕೆಳಗೆ ಹೇಝಲ್ ಪೊದೆ, ಫರ್, ಮೇಪಲ್ ತುಂಬಿಕೊಂಡು ಪೈನ್ ಸಸಿಗೆ ಬಿಸಿಲೇ ಇಲ್ಲದಂತಾಯಿತು. ಅಲ್ಲೊಂದು ಇಲ್ಲೊಂದು ಮೊಳೆತದ್ದನ್ನು ಜಿಂಕೆ ತಿಂದಿತು. ಬೇಟೆ ನಿಷೇಧಿಸಿದ್ದರಿಂದ ಜಿಂಕೆಗಳ ಸಂಖ್ಯೆ ಮಿತಿಮೀರಿ, ಚಳಿಗಾಲದಲ್ಲಿ ತಿನ್ನಲು ಬೇರೇನೂ ಇಲ್ಲದೆ ಅವು ಹಿಮದ ಮೇಲೆ ತಲೆಯೆತ್ತಿದ ಪೈನ್ ಕುಡಿಗಳನ್ನು ಮುರಿದು ತಿನ್ನುತ್ತಿದ್ದವು. ಹಸಿವಿನಿಂದ ಜಿಂಕೆಗಳೂ ಸಾಯುತ್ತಿದ್ದವು. 1940ರ ದಶಕದಲ್ಲಿ ನಿಯಂತ್ರಿತ ಬೇಟೆಗೆ ಅನುಮತಿ ಕೊಡಬೇಕಾಯಿತು. ಮುನ್ನೂರು ವರ್ಷದ ಮರಗಳ ಕೆಳಗೆ ಮೂವತ್ತು ವರ್ಷದ ಮರವೇ ಇಲ್ಲದ ಕಾಡೊಂದು ಹೀಗೆ ತಯಾರಾಯಿತು.

ಈ ಭಾಗವನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಕೊಡಲಿಯಿಂದ ಕಾಡನ್ನು ಉಳಿಸಿದವರು ಪ್ರಾಮಾಣಿಕರಾಗಿದ್ದರು, ಧೈರ್ಯವಂತರಾಗಿದ್ದರು. ಅವರ ನಂತರ ಬಂದ ಕಾವಲುಗಾರರೂ ಅಷ್ಟೇ ಪ್ರಾಮಾಣಿಕವಾಗಿ ಬೆಂಕಿಯನ್ನು ಶತ್ರುವೆಂದು ನಂಬಿದರು. ಮುಟ್ಟದೆ ಬಿಟ್ಟರೆ ಕಾಡು ತಾನಾಗಿ ಇದ್ದ ಹಾಗೇ ಇರುತ್ತದೆ ಎಂಬ ನಂಬಿಕೆ ನಮ್ಮಲ್ಲಿಯೂ ಬಹಳ ಗಟ್ಟಿಯಾಗಿದೆ. ಇಟಾಸ್ಕಾದಲ್ಲಿ ಅದು ತಪ್ಪೆಂದು ತಿಳಿಯಲು ಎರಡು ತಲೆಮಾರು ಬೇಕಾಯಿತು. 1995ರಿಂದ ಅಲ್ಲಿಯ ಸಿಬ್ಬಂದಿ ತಾವೇ ಅಳತೆ ಮಾಡಿ ಬೆಂಕಿ ಹಾಕುತ್ತಾರೆ. ಗಾಳಿಯ ದಿಕ್ಕು, ತೇವ, ಉಷ್ಣತೆ ನೋಡಿಕೊಂಡು, ಸುತ್ತ ಬೆಂಕಿರೇಖೆ ಮಾಡಿ, ಹಳೆಯ ಮರಗಳ ಕೆಳಗಿನ ಪೊದೆಯನ್ನು ಸುಡುತ್ತಾರೆ. ಬಿಳಿ ಪೈನ್ ಸಸಿಗಳ ತುದಿಯ ಕುಡಿಗೆ ಶರತ್ಕಾಲದಲ್ಲಿ ಒಂದು ತುಂಡು ಕಾಗದವನ್ನು ಮಡಚಿ ಸ್ಟೇಪ್ಲರ್‌ನಿಂದ ಹೊಲಿಯುತ್ತಾರೆ. ಚಳಿಗಾಲವೆಲ್ಲ ಜಿಂಕೆಯ ಬಾಯಿಗೆ ಕಾಗದ ಸಿಗುತ್ತದೆಯೇ ಹೊರತು ಕುಡಿ ಸಿಗುವುದಿಲ್ಲ. ಸಸಿ ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ವರ್ಷವರ್ಷವೂ, ಸಸಿಸಸಿಗೂ, ಕೈಯಿಂದಲೇ ಮಾಡಬೇಕಾದ ಕೆಲಸ ಇದು. ವರ್ಷಕ್ಕೆ ಸುಮಾರು ಐದು ಲಕ್ಷ ಜನ ಬರುವ ಉದ್ಯಾನದಲ್ಲಿ ಈ ಕೆಲಸವನ್ನು ಕಣ್ಣಿಟ್ಟು ನೋಡುವವರು ಕಡಿಮೆ, ಆದರೆ ಮುಂದಿನ ಇನ್ನೂರು ವರ್ಷದ ತೋಪು ಇದರ ಮೇಲೆಯೇ ನಿಂತಿದೆ.

ನಡೆಯುವವರಿಗೆ ಅಲ್ಲಿ ದಾರಿಗಳು ಧಾರಾಳವಾಗಿವೆ. ಅಮ್ಮನ ಮೊಣಕಾಲನ್ನು ನೆನೆದು ನಾವು ಆರಿಸಿಕೊಂಡದ್ದು ಎರಡು ಮೈಲಿಯಷ್ಟಿರುವ ಡಾಕ್ಟರ್ ರಾಬರ್ಟ್ಸ್ ಟ್ರೇಲ್. ಮಿನೆಸೋಟಾದ ಹಕ್ಕಿಗಳ ಅಧ್ಯಯನಕ್ಕೆ ಬಾಳು ಕೊಟ್ಟ ಡಾಕ್ಟರ್ ಥಾಮಸ್ ರಾಬರ್ಟ್ಸ್ ಅವರ ಹೆಸರಿನ ದಾರಿ ಅದು. 1905ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಡಗ್ಲಸ್ ಲಾಡ್ಜ್‌ನ ಹತ್ತಿರ ಶುರುವಾಗಿ, ಮೊದಲು ಜೌಗಿನ ಮೇಲೆ ಹಾಸಿದ ಹಲಗೆಗಳ ಮೇಲೆ ಹೋಗಿ, ಆಮೇಲೆ ದಟ್ಟ ಕಾಡಿನೊಳಗೆ ಸಾಗುತ್ತದೆ. ಜೂನ್ ಕೊನೆಯ ಆ ದಿನಗಳಲ್ಲಿ ಜೌಗಿನ ಅಂಚಿನಲ್ಲಿ ಗುಲಾಬಿ ಬಿಳಿ ಬಣ್ಣದ ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ಗಳು ಅರಳಿದ್ದವು. ಮಲೆನಾಡಿನಲ್ಲಿ ಮಳೆಗಾಲದ ಮುಂಚೆ ಮರಕ್ಕೆ ತೂಗುವ ಸೀತಾಳೆದಂಡೆಯನ್ನು ಕಂಡು ಬೆಳೆದ ಅಮ್ಮನಿಗೆ, ಇದೂ ಅದರ ಕುಲದ್ದೇ, ಆದರೆ ನೆಲದಲ್ಲಿ ಬೆಳೆಯುವುದು ಎಂದಾಗ ಬಹಳ ಸಂತೋಷವಾಯಿತು. ಮಿನೆಸೋಟಾದ ರಾಜ್ಯಪುಷ್ಪ ಇದು. 1925ರಿಂದಲೇ ಕೀಳುವುದನ್ನು ಕಾನೂನು ನಿಷೇಧಿಸಿದೆ. ಬೀಜದಿಂದ ಹುಟ್ಟಿದ ಗಿಡ ಮೊದಲ ಹೂ ಬಿಡಲು ಹದಿನಾರು ವರ್ಷದವರೆಗೂ ಹಿಡಿಯಬಹುದು. ಬೇರನ್ನು ಕಿತ್ತು ಮನೆಗೆ ಒಯ್ದರೆ ಬದುಕುವುದೂ ಅಪರೂಪ. ದಾರಿಯಲ್ಲಿ ಮುಂದೆ ಸಿಗುವ ಓಲ್ಡ್ ಟೈಮರ್ಸ್ ಕ್ಯಾಬಿನ್ ಎಂಬ ಮನೆಯನ್ನು 1934ರಲ್ಲಿ ಆ ಕನ್ಸರ್ವೇಶನ್ ಕೋರ್‌ನ ಹುಡುಗರು ಕಟ್ಟಿದ್ದು. ಅದರ ಗೋಡೆಗಳಿಗೆ ಬಳಸಿದ ದಿಮ್ಮಿಗಳು ಎಷ್ಟು ದಪ್ಪವೆಂದರೆ ನಾಲ್ಕು ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟರೆ ಗೋಡೆಯ ಎತ್ತರ ಮುಗಿಯುತ್ತದೆ. ಸೊಳ್ಳೆ ಮತ್ತು ಉಣ್ಣಿಗಳ ಕಾಟ ಈ ದಾರಿಯಲ್ಲಿ ಹೆಚ್ಚು, ಉದ್ದ ತೋಳಿನ ಅಂಗಿ, ಕಾಲುಚೀಲ ಬೇಕೇ ಬೇಕು.

ಕಾರಿನಲ್ಲಿಯೇ ಸುತ್ತುವವರಿಗೆ ವೈಲ್ಡರ್‌ನೆಸ್ ಡ್ರೈವ್ ಎಂಬ ಹತ್ತು ಮೈಲಿಯ ರಸ್ತೆಯಿದೆ. ನನ್ನ ದೃಷ್ಟಿಯಲ್ಲಿ ಅದರ ಅತ್ಯಂತ ಮುಖ್ಯವಾದ ಜಾಗ, ಬಹುಪಾಲು ಜನ ನಿಲ್ಲಿಸದೆ ಹೋಗುವ ಬೈಸನ್ ಸೈಟ್. ಸರೋವರಕ್ಕೆ ಬಂದು ಸೇರುವ ನಿಕೊಲೆಟ್ ತೊರೆಯ ಪಕ್ಕದಲ್ಲಿ, 1937ರಲ್ಲಿ ರಸ್ತೆ ಮಾಡಲು ನೆಲ ಅಗೆದಾಗ ಅಲ್ಲಿ ಮೂಳೆಗಳು ಸಿಕ್ಕವು. 1960ರ ದಶಕದಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದವರು ಕ್ರಮವಾಗಿ ಉತ್ಖನನ ಮಾಡಿದಾಗ, ಈಗಿನ ಅಮೆರಿಕದ ಬೈಸನ್‌ಗಿಂತ ದೊಡ್ಡದಾಗಿದ್ದ, ಈಗ ಅಳಿದುಹೋಗಿರುವ ಬೈಸನ್‌ನ ಮೂಳೆಗಳು, ಕಲ್ಲಿನ ಆಯುಧಗಳು, ಜೊತೆಗೆ ಸಾಕುನಾಯಿಯ ಅವಶೇಷ ಕೂಡ ದೊರೆತವು. ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ, ನೀರು ದಾಟುತ್ತಿದ್ದ ಹಿಂಡನ್ನು ಜನರು ಇಲ್ಲಿ ಅಡ್ಡಗಟ್ಟಿ ಬೇಟೆಯಾಡಿದ್ದರು. ಕೆಸರಿನಲ್ಲಿ ಕಾಲು ಹೂತು ನಿಧಾನವಾದ ಪ್ರಾಣಿಯನ್ನು ಹೊಡೆಯುವುದು ಸುಲಭವೆಂದು ಅವರು ಬಲ್ಲರು. ಇಂದು ನೋಡಿದರೆ ಅಲ್ಲಿ ಜೊಂಡು, ತೆಳು ನೀರು, ಆಚೆ ಕಾಡು, ಬೇರೇನೂ ಇಲ್ಲ. ಫಲಕ ಓದಿ ಮುಗಿಸಿ ಆ ಸೊಂಟದೆತ್ತರದ ಜೊಂಡಿನತ್ತ ನೋಡಿದರೆ ಮಾತ್ರ ಅಡ್ಡಗಟ್ಟುವುದಕ್ಕೆ ಆ ಜಾಗವನ್ನೇ ಏಕೆ ಆರಿಸಿಕೊಂಡರು ಎಂಬುದು ತಿಳಿಯುತ್ತದೆ.

ಬೈಸನ್ ಹಿಂಡಿಗೆ ಹುಲ್ಲು ಬೇಕು. ಆ ಕಾಲದ ಹವೆ ಇಂದಿಗಿಂತ ಬೆಚ್ಚಗೂ ಒಣದಾಗಿಯೂ ಇದ್ದು, ಪಶ್ಚಿಮದ ಹುಲ್ಲುಗಾವಲು ಈ ಭಾಗದವರೆಗೆ ಹಬ್ಬಿತ್ತು. ಉದ್ಯಾನದಲ್ಲಿ 1909ರಿಂದ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದಿದೆ. ಈ ಪ್ರದೇಶದ ಜೌಗುಗಳ ತಳದಲ್ಲಿ ಪದರಪದರವಾಗಿ ಕೂತ ಪರಾಗವನ್ನು ವಿಜ್ಞಾನಿಗಳು ಓದಿದ್ದಾರೆ. ಅದರ ಪ್ರಕಾರ ಹುಲ್ಲು ಮತ್ತು ಓಕ್ ಮರಗಳ ಬಯಲು ಇಲ್ಲಿ ಸಾವಿರಾರು ವರ್ಷ ಇತ್ತು, ಬಿಳಿ ಪೈನ್ ಇಲ್ಲಿಗೆ ತಲುಪಿದ್ದು ಸುಮಾರು ಮೂರು ಸಾವಿರ ವರ್ಷಗಳ ಈಚೆಗೆ. ನಾವು ಅನಾದಿಯದೆಂದು ತಲೆಯೆತ್ತಿ ನೋಡಿದ ಕಾಡು ಆ ಬೇಟೆಗಾರರಿಗೆ ಗೊತ್ತೇ ಇರಲಿಲ್ಲ. ಇದನ್ನು ತಿಳಿದುಕೊಂಡ ಮೇಲೆ ಉದ್ಯಾನದವರ ಕೆಲಸ ಎಷ್ಟು ಕಠಿಣವೆಂಬುದು ನನಗೆ ಇನ್ನಷ್ಟು ಸ್ಪಷ್ಟವಾಯಿತು. ಯಾವ ಕಾಲದ ಕಾಡನ್ನು ಉಳಿಸಬೇಕು ಎಂಬುದನ್ನೂ ಅವರೇ ನಿರ್ಧರಿಸಬೇಕಾಗಿದೆ. ಓಝಾವಿಂಡಿಬ್ ಬಲ್ಲ, ಬ್ರೋವರ್ ಅಳೆದ, ಮೇರಿ ಗಿಬ್ಸ್ ಕೈಯಿಟ್ಟು ಕಾಯ್ದ ಪೈನ್ ಕಾಡನ್ನು ಅವರು ಆರಿಸಿಕೊಂಡಿದ್ದಾರೆ, ಅದು ಸರಿಯಾದ ಆಯ್ಕೆಯೆಂದೇ ನಾನು ನಂಬುತ್ತೇನೆ. ಹವೆ ಮತ್ತೆ ಬೆಚ್ಚಗಾಗುತ್ತಿರುವಾಗ ಬೆಂಕಿ, ಬೇಲಿ, ಕಾಗದದ ತುಂಡುಗಳಿಂದ ಆ ಆಯ್ಕೆಯನ್ನು ಎಷ್ಟು ಕಾಲ ಹಿಡಿದಿಡಬಹುದು ಎಂಬುದನ್ನು ಅಲ್ಲಿಯ ಸಸಿಗಳು ಹೇಳಬೇಕು. ವಸಂತದಲ್ಲಿ ಬೆಂಕಿ ಹಾಕಿದ ಜಾಗವನ್ನು ಅದೇ ಬೇಸಿಗೆಯಲ್ಲಿ ಹೋಗಿ ನೋಡಬೇಕೆಂದಿದ್ದೇನೆ. ಕರಿ ನೆಲದ ಮೇಲೆ ಮೊದಲು ಏಳುವುದು ಹೇಝಲ್ ಪೊದೆಯೋ, ಪೈನ್ ಮೊಳಕೆಯೋ ಎಂಬುದನ್ನು ಹತ್ತಿರದಿಂದ ನೋಡುವ ಆಸೆ ನನಗಿದೆ.